ಬಿತ್ತನೆಯ ಗೋಧಿ: ‘ದಿ ಲಾಂಗ್ ವಿಂಟರ್’ ಕಾದಂಬರಿಯ ಒಂದು ಓದು

ಲಾರಾ ಇಂಗಲ್ಸ್ ವೈಲ್ಡರ್ ಅವರ ಮೊದಲ ಪುಸ್ತಕ ಪ್ರಕಟವಾದಾಗ ಅವರಿಗೆ 65 ವರ್ಷ. 1932ರಿಂದ 1943ರವರೆಗಿನ ಅವಧಿಯಲ್ಲಿ ಅವರು ತಮ್ಮ ಬಾಲ್ಯವನ್ನೂ ತಮ್ಮ ಪತಿಯ ಬಾಲ್ಯವನ್ನೂ ವಸ್ತುವಾಗಿಸಿಕೊಂಡು ಎಂಟು ಕಾದಂಬರಿಗಳನ್ನು ಬರೆದರು. ಈ ಮಾಲೆಯ ಆರನೆಯ ಕೃತಿ, 1940ರಲ್ಲಿ ಬಂದ ‘ದಿ ಲಾಂಗ್ ವಿಂಟರ್’. ಮಕ್ಕಳ ಪುಸ್ತಕಗಳ ಸಾಲಿನಲ್ಲಿ ಇಡಲಾಗುವ ಈ ಕೃತಿಯನ್ನು ಹಸಿವಿನ ಬಗ್ಗೆ ಬಂದ ಗಂಭೀರ ಕಾದಂಬರಿಗಳ ಸಾಲಿನಲ್ಲಿಯೂ ಇಡಬಹುದೆಂಬುದು ನನ್ನ ನಂಬಿಕೆ. ಲೇಖಕಿ ಇದಕ್ಕೆ ಇಟ್ಟಿದ್ದ ಹೆಸರು ‘ಕಠಿಣ ಚಳಿಗಾಲ’ ಎಂಬ ಅರ್ಥದ್ದು. ಎಳೆಯ ಓದುಗರಿಗೆ ‘ಕಠಿಣ’ ಎಂಬ ಮಾತು ಸಲ್ಲದೆಂದು ಪ್ರಕಾಶಕರು ಅದನ್ನು ‘ದೀರ್ಘ’ ಎಂದು ಬದಲಿಸಿದರು. ಹೆಸರು ಮೆದುವಾಯಿತು, ಒಳಗಿನ ಚಳಿ ಮೆದುವಾಗಲಿಲ್ಲ.

ಕಾದಂಬರಿಯ ಕಾಲ 1880-81. ಸ್ಥಳ, ಅಂದಿನ ಡಕೋಟಾ ಪ್ರಾಂತ್ಯದ ಡಿ ಸ್ಮೆಟ್ ಎಂಬ ಹೊಸ ಊರು. ಊರಿನ ಪಕ್ಕದಲ್ಲಿ ಸಿಲ್ವರ್ ಲೇಕ್ ಎಂಬ ಸರೋವರ; ಅದರ ಸುತ್ತಮುತ್ತ ಆಳೆತ್ತರದ ಹುಲ್ಲು ಬೆಳೆಯುವ ಜೌಗು ನೆಲ. ಅಕ್ಟೋಬರಿನಲ್ಲಿ ಮೊದಲ ಹಿಮಬಿರುಗಾಳಿ ಬೀಸುತ್ತದೆ. ಹೊಸ ವರ್ಷದ ಆರಂಭಕ್ಕೆ ರೈಲು ನಿಂತುಹೋಗುತ್ತದೆ. ಮತ್ತೆ ಅದು ಬರುವುದು ವಸಂತದಲ್ಲಿ. ನಡುವಿನ ತಿಂಗಳುಗಳಲ್ಲಿ ಇಂಗಲ್ಸ್ ಕುಟುಂಬದ ತಂದೆ, ತಾಯಿ, ಕುರುಡಿಯಾದ ಹಿರಿಯ ಮಗಳು ಮೇರಿ, ಹದಿಮೂರರ ಲಾರಾ, ಬಡಕಲು ಕ್ಯಾರಿ ಮತ್ತು ಪುಟ್ಟ ಗ್ರೇಸ್ ಹೇಗೆ ಬದುಕಿದರು ಎಂಬುದೇ ಕಥೆ. ಲೇಖಕಿ ಇದನ್ನು ಉತ್ಪ್ರೇಕ್ಷಿಸಿಲ್ಲ. ಆ ವರ್ಷದ ಹವಾಮಾನವನ್ನು ಪರಿಶೀಲಿಸಿದ ತಜ್ಞರು ಕಾದಂಬರಿಯ ಚಿತ್ರಣ ಬಹುಮಟ್ಟಿಗೆ ನಿಜವೆಂದೇ ಹೇಳಿದ್ದಾರೆ. ಆ ಹಿಮ ಕರಗಿ 1881ರ ಮಾರ್ಚಿನಲ್ಲಿ ಮಿಸ್ಸೂರಿ ನದಿಗೆ ಬಂದ ನೆರೆ ವರ್ಮಿಲಿಯನ್ ಎಂಬ ಊರನ್ನೇ ಕೊಚ್ಚಿಕೊಂಡು ಹೋಯಿತು.

ಸ್ವಾವಲಂಬಿಯಾದ ಒಂದು ಸಂಸಾರ ತನ್ನ ಧೈರ್ಯದಿಂದ, ಸಹನೆಯಿಂದ, ಪರಸ್ಪರ ಪ್ರೀತಿಯಿಂದ ಪ್ರಕೃತಿಯನ್ನು ಗೆದ್ದ ಕಥೆಯೆಂದು ಈ ಕೃತಿಯನ್ನು ಓದುವುದು ರೂಢಿ. ಕೃತಿಯ ಮಾತುಗಳೂ ಹಲವೆಡೆ ಅದನ್ನೇ ಹೇಳುತ್ತವೆ. ಆದರೆ ಅದರೊಳಗಿನ ಕಾಳುಕಡಿಯ ಲೆಕ್ಕವನ್ನು ಹಿಡಿದು ಹೊರಟರೆ ನಾವು ಬೇರೊಂದು ತೀರ್ಮಾನಕ್ಕೆ ಬರುತ್ತೇವೆ. ಉರುವಲು ಎಲ್ಲಿಂದ ಬಂತು, ಧಾನ್ಯ ಯಾರದು, ಬೆಲೆಯನ್ನು ಯಾರು ಕಟ್ಟಿದರು ಎಂಬ ಪ್ರಶ್ನೆಗಳಿಗೆ ಕಾದಂಬರಿ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಆ ಉತ್ತರಗಳು ಅದರ ಘೋಷಿತ ತತ್ತ್ವದ ಜೊತೆಗೆ ಜಗಳವಾಡುತ್ತವೆ. ಕೃತಿ ಇಂದಿಗೂ ಜೀವಂತವಾಗಿರುವುದು ಈ ಜಗಳದಿಂದ ಎಂಬುದೇ ಇಲ್ಲಿ ನಾನು ಮಂಡಿಸಬಯಸುವ ವಿಚಾರ.

ಇದನ್ನು ತಿಳಿಯಲು ಹಿಂದಿನ ಚಳಿಗಾಲವನ್ನು ನೋಡಬೇಕು. 1939ರಲ್ಲಿ ಬಂದ ‘ಬೈ ದ ಶೋರ್ಸ್ ಆಫ್ ಸಿಲ್ವರ್ ಲೇಕ್’ ಕಾದಂಬರಿಯಲ್ಲಿ ಇದೇ ಕುಟುಂಬ ಇದೇ ಸರೋವರದ ದಂಡೆಯಲ್ಲಿ 1879-80ರ ಚಳಿಗಾಲವನ್ನು ಕಳೆಯುತ್ತದೆ. ಆಗ ಊರೇ ಇರಲಿಲ್ಲ. ನೆರೆಯಲ್ಲಿ ಬೋಸ್ಟ್ ದಂಪತಿಗಳನ್ನು ಬಿಟ್ಟರೆ ಜನರಿಲ್ಲ. ಲೆಕ್ಕಕ್ಕೆ ಅದೇ ಹೆಚ್ಚು ಭಯಾನಕವಾಗಬೇಕಿತ್ತು. ಆದರೆ ಆ ಚಳಿಗಾಲ ಒಂದು ಹಬ್ಬದಂತೆ ಸಾಗುತ್ತದೆ. ಹುಡುಗಿಯರು ಬೆಳದಿಂಗಳಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಾಡುತ್ತಾರೆ. ಸಂಜೆ ಪಿಟೀಲು ನುಡಿಯುತ್ತದೆ. ಹವೆ ಸೌಮ್ಯವಾಗಿತ್ತೆಂಬುದು ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣವನ್ನು ಲೇಖಕಿ ಹುಡುಗಿಯ ಕಣ್ಣರಳಿಸಿ ವರ್ಣಿಸುತ್ತಾರೆ: ಅವರು ಉಳಿದುಕೊಂಡದ್ದು ರೈಲ್ವೆಯ ಮೋಜಣಿದಾರರು ಬಿಟ್ಟುಹೋದ ಗಟ್ಟಿ ಮನೆಯಲ್ಲಿ, ಅಲ್ಲಿನ ಕೋಣೆ ತುಂಬ ಕಂಪನಿಯ ಉಗ್ರಾಣವಿತ್ತು. ಮರುವರ್ಷ ಅದೇ ಕುಟುಂಬ, ಅದೇ ಧೈರ್ಯ, ಅದೇ ಪಿಟೀಲು. ಉಗ್ರಾಣ ಮಾತ್ರ ಇಲ್ಲ.

ಉಗ್ರಾಣ ಏಕೆ ಇರಲಿಲ್ಲ? ಈ ಪ್ರಶ್ನೆಯನ್ನು ಕಾದಂಬರಿ ನೇರವಾಗಿ ಕೇಳುವುದಿಲ್ಲ, ಆದರೆ ಉತ್ತರದ ತುಣುಕುಗಳನ್ನು ಅಲ್ಲಲ್ಲಿ ಚೆಲ್ಲಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿ ಸಿಗುತ್ತಿತ್ತು. ಆ ಆಸೆಯಿಂದ ಜನ ಬಂದರು. ಅವರಿಗಿಂತ ಮುಂಚೆ ರೈಲು ಹಳಿ ಬಂದಿತ್ತು. ಊರು ಹುಟ್ಟಿ ಇನ್ನೂ ವರ್ಷವಾಗಿರಲಿಲ್ಲ; ನೆಲದ ಹುಲ್ಲುಬೇರನ್ನು ಆಗತಾನೆ ಒಡೆಯಲಾಗುತ್ತಿತ್ತು. ಹೀಗಾಗಿ ಹಿಂದಿನ ಸುಗ್ಗಿಯ ಕಾಳು ಎಂಬುದು ಯಾರ ಮನೆಯಲ್ಲಿಯೂ ಇಲ್ಲ. ಹಿಟ್ಟು, ಕಲ್ಲಿದ್ದಲು, ಸೀಮೆಎಣ್ಣೆ, ಮಾಂಸ ಎಲ್ಲವೂ ಪೂರ್ವದಿಂದ ಒಂದೇ ಹಳಿಯ ಮೇಲೆ ಬರಬೇಕು. ಹಗೇವಿನಲ್ಲಿ ಜೋಳ ತುಂಬಿಟ್ಟು ಎರಡು ವರ್ಷದ ಬರವನ್ನು ಎದುರಿಸುತ್ತಿದ್ದ ನಮ್ಮ ಹಿರಿಯರು ಈ ಊರನ್ನು ಕಂಡಿದ್ದರೆ ಮೊದಲು ಕೇಳುತ್ತಿದ್ದದ್ದು ‘ಕಾಳು ಎಲ್ಲಿಟ್ಟಿದ್ದೀರಿ?’ ಎಂದೇ.

ರೈಲು ನಿಂತ ಬಗೆಯನ್ನು ವಿವರಿಸುವ ಭಾಗ ಕಾದಂಬರಿಯ ಅತ್ಯುತ್ತಮ ಪುಟಗಳಲ್ಲಿ ಒಂದು. ಹಳಿ ಹಾಯುವ ಕಡೆದ ಕಣಿವೆಯಲ್ಲಿ ಹಿಮ ತುಂಬುತ್ತದೆ. ಕೂಲಿಗಳು ಸಲಿಕೆಯಿಂದ ಅದನ್ನು ತೋಡಿ ಎರಡು ಬದಿಗೆ ಎಸೆಯುತ್ತಾರೆ. ಹಾಗೆ ಎಸೆದ ಹಿಮದಿಂದ ಕಣಿವೆಯ ದಂಡೆ ಇನ್ನೂ ಎತ್ತರವಾಗುತ್ತದೆ. ಮುಂದಿನ ಬಿರುಗಾಳಿಯಲ್ಲಿ ಅಷ್ಟೇ ಎತ್ತರಕ್ಕೆ ಹಿಮ ತುಂಬುತ್ತದೆ. ತೋಡಿದಷ್ಟೂ ಹೂತುಹೋಗುವ ಈ ಕೆಲಸವನ್ನು ನೋಡಿ ಸಹನೆಗೆಟ್ಟ ರೈಲ್ವೆಯ ಮೇಲಧಿಕಾರಿಯೊಬ್ಬ ಎಂಜಿನ್ನನ್ನು ವೇಗವಾಗಿ ಹಿಮಕ್ಕೆ ಢಿಕ್ಕಿ ಹೊಡೆಸುತ್ತಾನೆ. ಎಂಜಿನ್ನಿನ ಶಾಖಕ್ಕೆ ಕರಗಿದ ಹಿಮ ಮರುಗಳಿಗೆಯಲ್ಲಿ ಮಂಜುಗಡ್ಡೆಯಾಗಿ ಎಂಜಿನ್ನನ್ನೇ ಹಿಡಿದುಬಿಡುತ್ತದೆ. ತಂದೆ ಇದನ್ನು ಒಂದು ತಮಾಷೆಯ ಕಥೆಯಂತೆ ಮನೆಮಂದಿಗೆ ಹೇಳುತ್ತಾನೆ, ಮಕ್ಕಳು ನಗುತ್ತಾರೆ. ಓದುಗನಿಗೆ ಮಾತ್ರ ಆ ನಗೆಯ ಹಿಂದೆ ಖಾಲಿಯಾಗುತ್ತಿರುವ ಹಿಟ್ಟಿನ ಚೀಲ ಕಾಣುತ್ತಿರುತ್ತದೆ.

ಇಲ್ಲಿಂದ ಮುಂದೆ ಕಾದಂಬರಿಯಲ್ಲಿ ಏನೂ ನಡೆಯುವುದಿಲ್ಲ. ಇದು ದೂಷಣೆಯಲ್ಲ. ಎರಡು ಮೂರು ದಿನ ಬಿರುಗಾಳಿ, ನಡುವೆ ಒಂದು ಬಿಳುಪಾದ ಬಿಸಿಲಿನ ದಿನ, ಮತ್ತೆ ಬಿರುಗಾಳಿ. ಕಲ್ಲಿದ್ದಲು ತೀರುತ್ತದೆ, ಜೌಗಿನ ಹುಲ್ಲನ್ನು ಹೊಸೆದು ಗಂಟು ಹಾಕಿ ಕೊರಡಿನಂತೆ ಮಾಡಿ ಒಲೆಗೆ ಹಾಕಬೇಕು. ಸೀಮೆಎಣ್ಣೆ ತೀರುತ್ತದೆ, ತಾಯಿ ಒಂದು ಅಂಗಿಯ ಗುಂಡಿ, ಅರಿವೆಯ ಚೂರು, ಗಾಡಿಗೆ ಹಚ್ಚುವ ಕೀಲೆಣ್ಣೆ ಇವುಗಳಿಂದ ಒಂದು ಹಣತೆ ಮಾಡುತ್ತಾಳೆ. ಹಿಟ್ಟು ತೀರುತ್ತದೆ, ಕಾಫಿ ಬೀಜ ಪುಡಿಮಾಡುವ ಕೈಗಿರಣಿಯಲ್ಲಿ ಗೋಧಿಯನ್ನು ಬೀಸಬೇಕು. ಆ ಗಿರಣಿಯ ಬಾಯಿ ಎಷ್ಟು ಸಣ್ಣದೆಂದರೆ ಒಂದು ಹೊತ್ತಿನ ರೊಟ್ಟಿಗೆ ಬೇಕಾದ ಹಿಟ್ಟಿಗಾಗಿ ದಿನವಿಡೀ ಒಬ್ಬರ ಕೈ ಬದಲಾಗಿ ಇನ್ನೊಬ್ಬರ ಕೈ ತಿರುಗುತ್ತಲೇ ಇರಬೇಕು. ಹುಲ್ಲು ಹೊಸೆಯುವ, ಗಿರಣಿ ತಿರುಗಿಸುವ ಈ ಎರಡು ಕ್ರಿಯೆಗಳನ್ನು ಲೇಖಕಿ ಪುಟಪುಟದಲ್ಲಿ ಮರಳಿ ತರುತ್ತಾರೆ. ಓದುಗನಿಗೆ ಬೇಸರವಾಗುತ್ತದೆ, ಆಗಲೆಂದೇ ಅವರು ಹಾಗೆ ಬರೆದದ್ದು. ಹಸಿವನ್ನು ಆರ್ತನಾದದಿಂದ ಚಿತ್ರಿಸುವ ಕೃತಿಗಳು ಬಹಳ. ಹಸಿವು ಮನುಷ್ಯನನ್ನು ಮಂಕುಗೊಳಿಸುತ್ತದೆ ಎಂಬ ಸತ್ಯವನ್ನು ಗದ್ಯದ ಲಯದಲ್ಲೇ ಹಿಡಿದ ಕೃತಿಗಳು ಕಡಿಮೆ. ಲಾರಾಳ ತಲೆಯೊಳಗೆ ಗಾಳಿಯ ಸದ್ದು ತುಂಬಿಕೊಳ್ಳುತ್ತದೆ. ಆಕೆ ಮಾತು ಕಡಿಮೆ ಮಾಡುತ್ತಾಳೆ. ನಿದ್ದೆಗೂ ಎಚ್ಚರಕ್ಕೂ ವ್ಯತ್ಯಾಸ ಮಸುಕಾಗುತ್ತದೆ. ಮಾಲೆಯ ಬೇರೆ ಪುಸ್ತಕಗಳಲ್ಲಿ ಸಂಕಟದ ಹೊತ್ತಿಗೆ ಒದಗುವ ತಂದೆಯ ಪಿಟೀಲು ಇಲ್ಲಿ ಮೌನವಾಗುತ್ತದೆ. ದುಡಿತಕ್ಕೂ ಚಳಿಗೂ ಸಿಕ್ಕಿದ ಅವನ ಬೆರಳುಗಳು ತಂತಿಯ ಮೇಲೆ ಆಡಲಾರವು. ಲೇಖಕಿ ಆ ಪ್ರಸಂಗವನ್ನು ಕೆಲವೇ ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ಅಂಥ ಸಂಯಮ ಎಲ್ಲ ದೊಡ್ಡ ಲೇಖಕರಿಗೂ ಸಾಧ್ಯವಾಗುವುದಿಲ್ಲ.

ಸರೋವರದ ಜೌಗಿಗೆ ಕಾದಂಬರಿಯಲ್ಲಿ ಒಂದು ಪಾತ್ರದ ತೂಕವಿದೆ. ಆರಂಭದಲ್ಲಿ ಲಾರಾ ತಂದೆಯ ಜೊತೆ ಅಲ್ಲಿನ ಹುಲ್ಲನ್ನು ಬಂಡಿಗೆ ತುಳಿದು ತುಂಬಿ ಬಣವೆ ಒಟ್ಟುತ್ತಾಳೆ. ಅದೇ ಹುಲ್ಲಿನ ನಡುವೆ ಅವಳೂ ಕ್ಯಾರಿಯೂ ದಾರಿ ತಪ್ಪುತ್ತಾರೆ. ಚಳಿಗಾಲದಲ್ಲಿ ಆ ಹುಲ್ಲಿನ ಮೇಲೆ ಹಿಮ ಕೂತು ಒಳಗೆ ಪೊಳ್ಳಾಗಿ, ಮೇಲೆ ನಡೆದ ಕುದುರೆ ಹೂತುಹೋಗುತ್ತದೆ. ಕೊನೆಗೆ ಮನೆಯನ್ನು ಬೆಚ್ಚಗಿಟ್ಟದ್ದೂ ಆ ಹುಲ್ಲೇ. ದನಗಳಿಗೆಂದು ಕೊಯ್ದದ್ದು ಮನುಷ್ಯರ ಉರುವಲಾಯಿತು.

ಈಗ ಗೋಧಿಯ ವಿಷಯ. ಊರಿನಲ್ಲಿ ಅಲ್ಮಾಂಜೋ ವೈಲ್ಡರ್ ಎಂಬ ತರುಣ ತನ್ನ ಅಣ್ಣ ರಾಯಲ್‌ನ ಜೊತೆ ಇದ್ದಾನೆ. ಮುಂದೆ ಲಾರಾಳ ಗಂಡನಾಗುವವನು ಇವನೇ. ಮುಂದಿನ ವಸಂತದಲ್ಲಿ ಬಿತ್ತಲೆಂದು ಅವನು ತಂದಿಟ್ಟ ಗೋಧಿ ಅವನಲ್ಲಿದೆ. ಊರು ಹಸಿಯುತ್ತದೆ ಎಂದು ತಿಳಿದೊಡನೆ ಅವನು ಕೋಣೆಯೊಳಗೆ ಸುಳ್ಳು ಗೋಡೆಯೊಂದನ್ನು ಕಟ್ಟಿ ಅದರ ಹಿಂದೆ ಗೋಧಿಯನ್ನು ಮುಚ್ಚಿಡುತ್ತಾನೆ. ಅವನು ಲೋಭಿಯೇ? ಸೊಲ್ಲಾಪುರ, ಅಕ್ಕಲಕೋಟೆಯ ಕಡೆ 1972ರ ಬರವನ್ನು ಕಂಡ ಹಿರಿಯರಿಗೆ ಈ ಪ್ರಶ್ನೆಯ ಭಾರ ಬೇರೆ ಯಾರೂ ವಿವರಿಸಬೇಕಿಲ್ಲ. ಉಣ್ಣುವ ಕಾಳು ಬೇರೆ, ಬೂದಿ ಬೆರೆಸಿ ಎತ್ತಿಟ್ಟ ಬಿತ್ತುವ ಕಾಳು ಬೇರೆ. ಎರಡನೆಯದಕ್ಕೆ ಕೈ ಹಾಕಿದರೆ ಈ ವರ್ಷದ ಬರ ಮುಂದಿನ ವರ್ಷಕ್ಕೂ ಬೆಳೆಯುತ್ತದೆ. ಅಲ್ಮಾಂಜೋವಿನ ಸುಳ್ಳು ಗೋಡೆಯನ್ನು ಕೃತಿ ಖಂಡಿಸುವುದೂ ಇಲ್ಲ, ಹೊಗಳುವುದೂ ಇಲ್ಲ. ಲಾರಾಳ ಕಣ್ಣಿನಿಂದಲೇ ನೋಡುತ್ತ ಬಂದ ಕಥನ ಇಲ್ಲಿ ಮಾತ್ರ ಅದನ್ನು ಬಿಟ್ಟು ಅಲ್ಮಾಂಜೋವಿನ ಮನಸ್ಸಿನೊಳಗೆ ಹೋಗುತ್ತದೆ. ತನ್ನ ಎದುರಿನ ಮನೆಯವರು ಹಸಿದಿದ್ದಾರೆ, ತಾನು ಅಣ್ಣನ ಜೊತೆ ಬಿಸಿ ದೋಸೆಯಂಥ ಪ್ಯಾನ್‌ಕೇಕು ತಿನ್ನುತ್ತಿದ್ದೇನೆ ಎಂಬ ಅರಿವು ಅವನಿಗೆ ನಿಧಾನವಾಗಿ ಮೂಡುವುದನ್ನು ನಾವು ಒಳಗಿನಿಂದ ನೋಡುತ್ತೇವೆ.

ಲಾರಾಳ ತಂದೆ ಒಂದು ದಿನ ಬಂದು, ಕೋಣೆಯ ಒಳಗಿನ ಉದ್ದ ಹೊರಗಿನದಕ್ಕಿಂತ ಕಡಿಮೆಯಿರುವುದನ್ನು ಮೊದಲೇ ಗಮನಿಸಿಟ್ಟುಕೊಂಡವನು, ಮಾತಿಲ್ಲದೆ ಗೋಡೆಯ ಬೆಣೆಯನ್ನು ಕಿತ್ತು ಬಕೀಟನ್ನು ಹಿಡಿಯುತ್ತಾನೆ. ಗೋಧಿ ಸುರಿಯುತ್ತದೆ. ಇಡೀ ಮಾಲೆಯಲ್ಲಿ ಇದಕ್ಕಿಂತ ಉದ್ವಿಗ್ನವಾದ ಗಳಿಗೆ ಇಲ್ಲವೆನ್ನಬಹುದು. ಕಾಯ್ದೆಯ ಭಾಷೆಯಲ್ಲಿ ಇದು ಇನ್ನೊಬ್ಬನ ಸ್ವತ್ತಿಗೆ ಕೈಹಾಕಿದ್ದು. ಸದಾಚಾರದ ಮೂರ್ತಿಯಾಗಿ ಚಿತ್ರಿತನಾದ ತಂದೆಯಿಂದಲೇ ಇದನ್ನು ಮಾಡಿಸುವ ಧೈರ್ಯ ಲೇಖಕಿಗಿದೆ. ‘ನನ್ನ ಮಕ್ಕಳು ಹಸಿದಿದ್ದಾರೆ’ ಎಂಬುದಕ್ಕೆ ಎದುರಾಗಿ ‘ಇದು ನನ್ನ ಬೀಜ’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಆದರೆ ಒಂದು ಬಕೀಟು ಇಡೀ ಊರಿಗೆ ಸಾಲದು. ಆದ್ದರಿಂದ ಅಲ್ಮಾಂಜೋ ತನ್ನ ಗೆಳೆಯ ಕ್ಯಾಪ್ ಗಾರ್ಲೆಂಡ್‌ನ ಜೊತೆ, ದಕ್ಷಿಣಕ್ಕೆ ಎಲ್ಲೋ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿ ಒಬ್ಬ ರೈತ ಗೋಧಿ ಬೆಳೆದಿದ್ದಾನೆಂಬ ಗಾಳಿಮಾತನ್ನು ನಂಬಿ ಎರಡು ಬಿರುಗಾಳಿಗಳ ನಡುವಿನ ಬಿಡುವಿನಲ್ಲಿ ಹೊರಡುತ್ತಾನೆ. ತನ್ನ ಬೀಜವನ್ನು ಉಳಿಸಿಕೊಳ್ಳಲು ಹೊರಟ ಪಯಣವೇ ಊರನ್ನು ಉಳಿಸುವ ಪಯಣವಾಗುತ್ತದೆ. ಸ್ವಾರ್ಥ ಎಲ್ಲಿ ಮುಗಿದು ಪರಾರ್ಥ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಲೇಖಕಿ ಹೋಗುವುದಿಲ್ಲ. ಅಲ್ಲಿ ಸಿಕ್ಕ ರೈತನೂ ‘ಇದು ಬಿತ್ತನೆಯ ಗೋಧಿ, ಮಾರುವುದಿಲ್ಲ’ ಎನ್ನುವುದು ವ್ಯಂಗ್ಯದ ಪರಾಕಾಷ್ಠೆ. ಅಲ್ಮಾಂಜೋ ತನ್ನದೇ ವಾದದ ವಿರುದ್ಧ ವಾದಿಸಿ, ಬುಷೆಲ್‌ಗೆ ಒಂದೂಕಾಲು ಡಾಲರ್ ಕೊಟ್ಟು ಅದನ್ನು ಕೊಳ್ಳಬೇಕಾಗುತ್ತದೆ.

ಗೋಧಿ ಊರಿಗೆ ಬಂದ ಮೇಲೆ, ಅದಕ್ಕೆ ಹಣ ಹಾಕಿದ್ದ ಅಂಗಡಿಕಾರ ಲಾಫ್ಟಸ್ ಬುಷೆಲ್‌ಗೆ ಮೂರು ಡಾಲರ್ ಬೆಲೆ ಹೇಳುತ್ತಾನೆ. ಪ್ರಾಣ ಪಣಕ್ಕಿಟ್ಟು ತಂದ ಇಬ್ಬರು ಹುಡುಗರು ಸಾಗಣೆಗೆ ಬಿಡಿಗಾಸನ್ನೂ ಪಡೆದಿಲ್ಲ. ಜನ ಕೆರಳುತ್ತಾರೆ. ತಂದೆ ಮುಂದೆ ಬಂದು ಮಾಡುವ ವಾದವನ್ನು ವಿಮರ್ಶಕರು ಮುಕ್ತ ಮಾರುಕಟ್ಟೆಯ ಸಮರ್ಥನೆಯೆಂದು ಓದಿದ್ದಾರೆ. ನಿನ್ನ ಸ್ವತ್ತು ನಿನ್ನದು, ಬೆಲೆ ಕಟ್ಟುವ ಹಕ್ಕು ನಿನ್ನದು. ಆದರೆ ಚಳಿಗಾಲ ಮುಗಿದ ಮೇಲೂ ನೀನು ಇಲ್ಲಿ ಅಂಗಡಿ ನಡೆಸಬೇಕಲ್ಲ ಎಂಬುದು ಅದರ ಸಾರ. ಮಾತು ವ್ಯಾಪಾರದ್ದೇ. ಆದರೆ ಆ ಮಾತನ್ನು ಆಡುವಾಗ ಅಂಗಡಿಯ ತುಂಬ ಹಸಿದ ಗಂಡಸರು ನಿಂತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಲಾಫ್ಟಸ್ ಕೊಂಡ ಬೆಲೆಗೇ ಮಾರುತ್ತಾನೆ. ಅನಂತರ ಗೋಧಿ ಹಂಚಿಕೆಯಾಗುವುದು ಹಣವಿದ್ದವನು ಎಷ್ಟು ಕೊಳ್ಳಬಲ್ಲ ಎಂಬುದರ ಮೇಲಲ್ಲ, ವಸಂತದವರೆಗೆ ಯಾವ ಮನೆಗೆ ಎಷ್ಟು ಬೇಕು ಎಂಬುದರ ಮೇಲೆ. ಅಂದರೆ ಸ್ವಾತಂತ್ರ್ಯದ ಭಾಷಣ ಮಾಡುತ್ತಲೇ ಊರು ಪಡಿ ಪದ್ಧತಿಗೆ ಬಂದು ನಿಲ್ಲುತ್ತದೆ.

ಹೀಗೆ ಘಟನೆ ಒಂದು ದಾರಿ, ಮಾತು ಇನ್ನೊಂದು ದಾರಿ ಹಿಡಿಯಲು ಬರವಣಿಗೆಯ ಹಿನ್ನೆಲೆಯೂ ಕಾರಣವಾಗಿರಬೇಕು. ಲೇಖಕಿಯ ಮಗಳು ರೋಸ್ ವೈಲ್ಡರ್ ಲೇನ್ ಆ ಕಾಲದ ಹೆಸರಾಂತ ಬರಹಗಾರ್ತಿ. ತಾಯಿಯ ಹಸ್ತಪ್ರತಿಗಳನ್ನು ತಿದ್ದಿ ರೂಪಿಸುವುದರಲ್ಲಿ ಆಕೆಯ ಪಾಲು ದೊಡ್ಡದು. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರಿ ಪರಿಹಾರ ಕಾರ್ಯಕ್ರಮಗಳನ್ನು ತಾಯಿ ಮಗಳು ಇಬ್ಬರೂ ವಿರೋಧಿಸುತ್ತಿದ್ದರು. ಮಗಳು 1943ರಲ್ಲಿ ವ್ಯಕ್ತಿಸ್ವಾತಂತ್ರ್ಯದ ಪರವಾದ ‘ದ ಡಿಸ್ಕವರಿ ಆಫ್ ಫ್ರೀಡಮ್’ ಎಂಬ ಗ್ರಂಥವನ್ನೇ ಬರೆದಳು. ಯಾರ ನೆರವೂ ಇಲ್ಲದೆ ಬದುಕಿದ ಸಂಸಾರದ ಚಿತ್ರ ಅವರ ನಂಬಿಕೆಗೆ ಬೇಕಾಗಿತ್ತು. ಆ ಚಿತ್ರಕ್ಕಾಗಿ ಏನನ್ನು ಅಳಿಸಿದರು ಎಂಬುದು 2014ರಲ್ಲಿ ಪಮೇಲಾ ಸ್ಮಿತ್ ಹಿಲ್ ಅವರ ಸಂಪಾದಕತ್ವದಲ್ಲಿ ಲೇಖಕಿಯ ಮೂಲ ಆತ್ಮಕಥನ ‘ಪಯೋನಿಯರ್ ಗರ್ಲ್’ ಪ್ರಕಟವಾದಾಗ ಸಾಮಾನ್ಯ ಓದುಗರಿಗೂ ತಿಳಿಯಿತು. ಆ ಚಳಿಗಾಲದಲ್ಲಿ ಇಂಗಲ್ಸ್ ಮನೆಯಲ್ಲಿ ಅವರಷ್ಟೇ ಇರಲಿಲ್ಲ. ಜಾರ್ಜ್ ಮತ್ತು ಮ್ಯಾಗಿ ಮಾಸ್ಟರ್ಸ್ ಎಂಬ ಯುವ ದಂಪತಿ ತಮ್ಮ ಕೂಸಿನೊಂದಿಗೆ ಅದೇ ಸೂರಿನಡಿಯಲ್ಲಿದ್ದರು. ಅವರು ದುಡಿಮೆಯಲ್ಲಿ ಹಿಂದೆ, ಊಟದಲ್ಲಿ ಮುಂದೆ ಎಂಬ ಅಸಮಾಧಾನ ಲೇಖಕಿಗೆ ಕೊನೆಯವರೆಗೂ ಇತ್ತು. ಕಾದಂಬರಿಯಲ್ಲಿ ಅವರ ಸುಳಿವಿಲ್ಲ. ಅಲ್ಮಾಂಜೋವಿನ ವಯಸ್ಸನ್ನೂ ಇದೇ ರೀತಿ ಕಾದಂಬರಿ ಇಳಿಸಿದೆ: 1857ರಲ್ಲಿ ಹುಟ್ಟಿದವನಿಗೆ ಆಗ 23 ವರ್ಷ, ಕೃತಿಯಲ್ಲಿ 19.

ಕಾದಂಬರಿಕಾರ್ತಿಗೆ ಅಳಿಸುವ ಅಧಿಕಾರವಿದೆ. ಕಲೆಯ ದೃಷ್ಟಿಯಿಂದ ಈ ಅಳಿಸುವಿಕೆ ಸರಿಯೆಂದೇ ಹೇಳಬೇಕು. ಒಂದೇ ಒಲೆಯ ಸುತ್ತ ಆರೇ ಜನ ಕೂತಿರುವ ಚಿತ್ರದ ತೀವ್ರತೆ ಒಂಬತ್ತು ಜನರಿದ್ದರೆ ಉಳಿಯುತ್ತಿರಲಿಲ್ಲ. ಆದರೂ ನನಗೆ ಅನಿಸುವುದು, ಮಾಸ್ಟರ್ಸ್ ದಂಪತಿಯನ್ನು ಉಳಿಸಿಕೊಂಡಿದ್ದರೆ ಇದು ಇನ್ನೂ ದೊಡ್ಡ ಕಾದಂಬರಿಯಾಗುತ್ತಿತ್ತು. ಮೆಚ್ಚಿನವರ ಜೊತೆ ರೊಟ್ಟಿ ಮುರಿದು ತಿನ್ನುವುದು ಕಷ್ಟವಲ್ಲ. ಸೋಮಾರಿಯೆಂದು ನಾವು ಬಗೆದವನಿಗೂ, ಅವನ ಹೆಂಡತಿಗೂ, ಕೂಸಿಗೂ, ದಿನವಿಡೀ ಗಿರಣಿ ತಿರುಗಿಸಿ ಬಂದ ಹಿಟ್ಟಿನಲ್ಲಿ ಪಾಲು ಕೊಡುತ್ತ ಏಳು ತಿಂಗಳು ಕಳೆದದ್ದೇ ಆ ಮನೆಯ ನಿಜವಾದ ಸಾಧನೆ. ಅದನ್ನು ಮಾಡಿದ ತಾಯಿ ಕ್ಯಾರೊಲಿನ್ ಇಂಗಲ್ಸ್ ಅವರ ದೊಡ್ಡತನ ಪುಸ್ತಕದಲ್ಲಿ ಅರ್ಧವೇ ಕಾಣುತ್ತದೆ.

ಇನ್ನೊಂದು ಅಳಿಸುವಿಕೆ ಇದಕ್ಕಿಂತ ಗಂಭೀರವಾದದ್ದು. ಚಳಿಗಾಲದ ಮುನ್ನೆಚ್ಚರಿಕೆ ಊರಿಗೆ ಬರುವುದು ಒಬ್ಬ ವೃದ್ಧ ಮೂಲನಿವಾಸಿಯಿಂದ. ಅವನು ಅಂಗಡಿಗೆ ಬಂದು ಏಳು ವರ್ಷಕ್ಕೊಮ್ಮೆ ಬರುವ ಹಿಮದ, ಮೂರು ಏಳರ ಕೊನೆಗೆ ಬರುವ ಭೀಕರ ಹಿಮದ ಮಾತು ಹೇಳಿ ಹೊರಟುಹೋಗುತ್ತಾನೆ. ಅವನಿಗೆ ಹೆಸರಿಲ್ಲ, ಅವನ ಬಾಯಲ್ಲಿ ಹರಕು ಇಂಗ್ಲಿಷನ್ನು ಇಡಲಾಗಿದೆ. ಈ ಮಾತನ್ನು ನಂಬಿದ್ದರಿಂದಲೇ ಇಂಗಲ್ಸ್ ಕುಟುಂಬ ಹೊಲದ ಗುಡಿಸಲನ್ನು ಬಿಟ್ಟು ಊರಿನ ಕಟ್ಟಡಕ್ಕೆ ಬಂದು ಬದುಕಿಕೊಂಡಿತು. ಅವನು ಎಲ್ಲಿಂದ ಬಂದ, ಎಲ್ಲಿಗೆ ಹೋದ, ಆ ಏಳು ತಿಂಗಳು ಅವನ ಜನ ಎಲ್ಲಿದ್ದರು? 1862ರ ಯುದ್ಧದ ಬಳಿಕ ಮಿನ್ನೆಸೋಟದಿಂದ ಹೊರದೂಡಲ್ಪಟ್ಟ ಡಕೋಟಾ ಜನರ ಹೆಸರನ್ನೇ ಆ ಪ್ರಾಂತ್ಯ ಹೊತ್ತಿತ್ತು. ಆ ಸರೋವರದ ದಂಡೆಯ ಚಳಿಯಲ್ಲಿ ಬದುಕುವ ವಿದ್ಯೆ ತಲೆತಲಾಂತರದಿಂದ ಅವರಲ್ಲಿತ್ತು. ಆ ವಿದ್ಯೆಯಿಂದ ಒಂದು ವಾಕ್ಯವನ್ನು ಪಡೆದು, ಹೇಳಿದವನನ್ನು ಬಾಗಿಲಿನಾಚೆ ಕಳಿಸಿದ ಮೇಲೆ ಕಾದಂಬರಿ ಅವನತ್ತ ತಿರುಗಿ ನೋಡುವುದಿಲ್ಲ. ಮಾಲೆಯ ಬೇರೆ ಪುಸ್ತಕಗಳಲ್ಲಿನ ಇಂಥ ಚಿತ್ರಣಗಳ ಕಾರಣಕ್ಕೆ, ವೈಲ್ಡರ್ ಹೆಸರಿನಲ್ಲಿದ್ದ ಮಕ್ಕಳ ಸಾಹಿತ್ಯದ ಪ್ರಶಸ್ತಿಗೆ 2018ರಲ್ಲಿ ಬೇರೆ ಹೆಸರು ಇಡಲಾಯಿತು. ಪ್ರಶಸ್ತಿಯ ಹೆಸರು ಬದಲಾದದ್ದು ಸರಿ. ಪುಸ್ತಕವನ್ನು ಬದಿಗಿಡಬೇಕೆಂಬ ಮಾತು ಮಾತ್ರ ನನಗೆ ಒಪ್ಪಿಗೆಯಾಗದು. ಆ ವೃದ್ಧ ಹೊರಟುಹೋದ ಬಾಗಿಲನ್ನು ಮಕ್ಕಳಿಗೆ ತೋರಿಸಲು ಪುಸ್ತಕ ಕೈಯಲ್ಲಿರಬೇಕು.

ವಸಂತದಲ್ಲಿ ಕೊನೆಗೂ ರೈಲು ಬರುತ್ತದೆ. ಹಸಿದ ಊರಿಗೆ ಮೊದಲ ಗಾಡಿ ಹೊತ್ತು ತರುವುದು ಬೇಸಾಯದ ಯಂತ್ರಗಳನ್ನು, ಮುಂದಿನದು ತಂತಿ ಕಂಬಗಳನ್ನು. ಆ ಗಾಡಿಗೆ ಸೇರಿದ್ದ, ಯಾರೋ ವಲಸಿಗರ ಸಾಮಾನಿದ್ದ ಡಬ್ಬಿಯನ್ನು ಒಡೆದು, ಸಿಕ್ಕ ಆಹಾರವನ್ನು ಊರವರು ಹಂಚಿಕೊಳ್ಳುತ್ತಾರೆ. ತಂದೆ ತನ್ನ ಪಾಲನ್ನು ಮನೆಗೆ ತರುತ್ತಾನೆ, ಯಾರೂ ಅದನ್ನು ಕಳವೆಂದು ಕರೆಯುವುದಿಲ್ಲ. ಆಮೇಲೆ, ಚಳಿಗಾಲವೆಲ್ಲ ದಾರಿಯಲ್ಲಿ ಸಿಕ್ಕಿಕೊಂಡಿದ್ದ ಕ್ರಿಸ್‌ಮಸ್ ಪೀಪಾಯಿ ಮೇ ತಿಂಗಳಲ್ಲಿ ಮನೆ ಸೇರುತ್ತದೆ. ಒಳಗಿನ ಟರ್ಕಿ ಕೋಳಿ ಇನ್ನೂ ಹೆಪ್ಪುಗಟ್ಟಿಯೇ ಇದೆ. ಮೇ ತಿಂಗಳ ಆ ಹಬ್ಬದೂಟಕ್ಕೆ ಹಳೆಯ ನೆರೆಯವರಾದ ಬೋಸ್ಟ್ ದಂಪತಿಗಳನ್ನು ಕರೆಯುತ್ತಾರೆ. ಪಿಟೀಲು ಮತ್ತೆ ಪೆಟ್ಟಿಗೆಯಿಂದ ಹೊರಬರುತ್ತದೆ. ಗೋಧಿ ತಂದ ಹುಡುಗರಿಬ್ಬರಿಗೆ ಆ ಮೇಜಿನಲ್ಲಿ ತಟ್ಟೆ ಇಟ್ಟಿಲ್ಲ.